ಬೆಟ್ಟ ಇಳಿದ ಮೇಲೂ ಎಚ್ಚರವಿರಲಿ



ಸಂತ ಲೂಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಂದು ಬೆಟ್ಟದ ಪ್ರಸಂಗ ಬರುತ್ತದೆ. ಪ್ರಭು ಯೇಸು ಪ್ರಾರ್ಥನೆಗಾಗಿ ಬೆಟ್ಟ ಹತ್ತಿದರು. ಜೊತೆಗೆ ಪೇತ್ರ, ಯೊವಾನ್ನ, ಯಕೋಬ ಎಂಬ ಮೂವರು ಶಿಷ್ಯರಿದ್ದರು. ಪ್ರಾರ್ಥಿಸುತ್ತಿರುವಾಗಲೇ ಪ್ರಭುವಿನ ಮುಖ ಬದಲಾಯಿತು, ಉಡುಪು ಮಿಂಚಿನಂತೆ ಹೊಳೆಯಿತು. ಮೋಶೆ ಮತ್ತು ಎಲೀಯ ಪ್ರವಾದಿಗಳು ಅವರೊಡನೆ ಮಾತನಾಡುತ್ತಿದ್ದರು. ಇಂಥ ದೊಡ್ಡ ಗಳಿಗೆಯಲ್ಲಿ ಆ ಮೂವರು ಶಿಷ್ಯರು ಏನು ಮಾಡುತ್ತಿದ್ದರು ಗೊತ್ತೇ? ತೂಕಡಿಸುತ್ತಿದ್ದರು! ಎಚ್ಚರವಾದ ಮೇಲಷ್ಟೇ ಅವರಿಗೆ ಪ್ರಭುವಿನ ಮಹಿಮೆ ಕಂಡದ್ದು.

ಕಂಡ ಮೇಲೆ ಪೇತ್ರನಿಗೆ ಬೆಟ್ಟ ಇಳಿಯಲು ಮನಸ್ಸೇ ಇಲ್ಲ. ಮೂರು ಗುಡಾರ ಹಾಕಿ ಇಲ್ಲೇ ಇದ್ದುಬಿಡೋಣ ಎಂಬ ಆಸೆ. ಪ್ರಭು ಅದಕ್ಕೆ ಒಪ್ಪಲಿಲ್ಲ. ಮರುದಿನ ಎಲ್ಲರೂ ಕೆಳಗಿಳಿದರು. ಕೆಳಗೆ ಒಬ್ಬ ತಂದೆ ತನ್ನ ಒಬ್ಬನೇ ಮಗನ ಕಷ್ಟ ಹೇಳಿಕೊಂಡು ಅಳುತ್ತಾ ನಿಂತಿದ್ದ.

ಯಾತ್ರೆಯೂ ಹೀಗೆಯೇ. ಬೆಟ್ಟ ಹತ್ತುವಾಗ ಕಾಲು ನೋಯುತ್ತದೆ, ಮೈ ಬೆವರುತ್ತದೆ, ಬಾಯಲ್ಲಿ ಜಪ ತಾನಾಗಿ ಬರುತ್ತದೆ. ಮೇಣದಬತ್ತಿ ಹಚ್ಚಿ ಮೊಣಕಾಲೂರಿದಾಗ ಕಣ್ಣು ತುಂಬಿ ಬರುತ್ತದೆ. ಇಲ್ಲಿ ನಿದ್ರೆ ಮಾಡುವವರು ಯಾರೂ ಇಲ್ಲ. ಪ್ರಶ್ನೆ ಇರುವುದು ಕೆಳಗೆ ಇಳಿದ ಮೇಲೆ. ಬಸ್ಸು ಹತ್ತಿ ಮನೆಗೆ ಹೋದ ಮೇಲೆ, ಸಾಲದವನು ಬಾಗಿಲು ತಟ್ಟಿದ ಮೇಲೆ, ಅಣ್ಣತಮ್ಮಂದಿರ ಪಾಲಿನ ಮಾತು ಎದ್ದ ಮೇಲೆ, ಆ ಎಚ್ಚರ ಉಳಿಯುತ್ತದೆಯೇ?

ಎಚ್ಚರವಾಗಿರುವುದು ಎಂದರೇನು ಎಂದು ತಿಳಿಯಲು ದೊಡ್ಡ ದೊಡ್ಡ ಗ್ರಂಥ ಓದಬೇಕೆಂದೇನಿಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಜನ ದಿನನಿತ್ಯ ಮಾಡುವ ಕೆಲಸದಲ್ಲೇ ದೇವರು ಆ ಪಾಠ ಇಟ್ಟಿದ್ದಾರೆ. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಮೂರು ತಾಲ್ಲೂಕುಗಳ ವಿಶ್ವಾಸಿಗಳು ತೋಟ, ಕಾಡು, ರಸ್ತೆಗಳ ನಡುವೆ ಬದುಕುವವರು. ಬೇರೆ ಊರಿನಿಂದ ಬಂದ ಯಾತ್ರಿಕರಿಗೂ ಈ ಪಾಠ ಸಲ್ಲುತ್ತದೆ.

ಶಿರಸಿಯ ತೋಟ ಕಲಿಸುವ ಪಾಠ

ಶಿರಸಿ ಸೀಮೆಯಲ್ಲಿ ಅಡಿಕೆ ತೋಟ ಇದ್ದವರಿಗೂ, ಆ ತೋಟಕ್ಕೆ ಕೂಲಿಗೆ ಹೋಗುವವರಿಗೂ ಕೊಳೆ ರೋಗ ಗೊತ್ತು. ಮಳೆಗಾಲದಲ್ಲಿ ಎಳೆಕಾಯಿಗೆ ನೀರು ಕಲೆ ಬೀಳುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ, ನೋಡನೋಡುತ್ತಿದ್ದಂತೆ ಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಈ ರೋಗದ ಬಗ್ಗೆ ಬರೆದರು. ಇಂದಿಗೂ ಅದಕ್ಕೆ ಮುಖ್ಯ ಮದ್ದು ಬೋರ್ಡೋ ದ್ರಾವಣವೇ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ.

ಈ ಮದ್ದನ್ನು ಯಾವಾಗ ಹೊಡೆಯುತ್ತಾರೆ? ಕಾಯಿ ಉದುರಿದ ಮೇಲಲ್ಲ. ಮಳೆ ಹಿಡಿಯುವ ಮುನ್ನ, ಗೊನೆ ಹಸಿರಾಗಿ, ಚೆಂದವಾಗಿ, ಯಾವ ರೋಗವೂ ಇಲ್ಲದೆ ಇರುವಾಗ ಮೊದಲ ಸಲ ಹೊಡೆಯಬೇಕು. ನಲವತ್ತು ನಲವತ್ತೈದು ದಿನ ಕಳೆದು ಮತ್ತೊಮ್ಮೆ. ಮಳೆ ಬಿಡದಿದ್ದರೆ ಮೂರನೇ ಸಲ. "ಈಗೇನು ಅರ್ಜೆಂಟು, ಕಾಯಿ ಚೆನ್ನಾಗೇ ಉಂಟಲ್ಲ" ಎಂದು ಬಿಟ್ಟವನು ಆಮೇಲೆ ಓಡಾಡಿ ಮದ್ದು ಹೊಡೆಸಿದರೂ ಉದುರಿದ ಕಾಯಿ ಮರಕ್ಕೆ ಮರಳಿ ಅಂಟುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಹತ್ತು ಮಂದಿ ಕನ್ಯೆಯರ ಸಾಮತಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿ. ಮದುವಣಿಗ ಬರುವುದು ತಡವಾಯಿತು. ಬುದ್ಧಿವಂತೆಯರು ಎಚ್ಚರವಾಗಿದ್ದರು, ಬುದ್ಧಿಯಿಲ್ಲದವರು ನಿದ್ದೆ ಹೋದರು ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಆ ಸಾಮತಿಯಲ್ಲಿ ಹತ್ತು ಮಂದಿಯೂ ನಿದ್ದೆ ಹೋದರು! ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ. ಐವರು ಮೊದಲೇ ಎಣ್ಣೆ ತಂದಿಟ್ಟುಕೊಂಡಿದ್ದರು. ಉಳಿದ ಐವರು ನಡುರಾತ್ರಿ ಅಂಗಡಿ ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮನುಷ್ಯನ ದೇಹಕ್ಕೆ ದಣಿವು ಸಹಜ. ದುಡಿದು ಬಂದವನಿಗೆ ನಿದ್ದೆ ಬರುತ್ತದೆ, ಪ್ರಾರ್ಥನೆಯಲ್ಲಿ ಆಕಳಿಕೆಯೂ ಬರುತ್ತದೆ. ಪ್ರಭು ಅದಕ್ಕಾಗಿ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಆದರೆ ಕಷ್ಟ ಬರುವ ಮುನ್ನ, ಮನೆ ನೆಮ್ಮದಿಯಲ್ಲಿರುವಾಗ, ಪ್ರಾರ್ಥನೆಯ ಎಣ್ಣೆ ತುಂಬಿಟ್ಟುಕೊಳ್ಳಬೇಕು. ಮಗಳ ಮದುವೆ ಮುರಿದ ದಿನ, ಮಗ ಕುಡಿದು ಬಂದ ದಿನ, ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಅಲ್ಲಾಡಿಸಿದ ದಿನ ಹೊಸದಾಗಿ ಪ್ರಾರ್ಥನೆ ಕಲಿಯುವುದು ಕಷ್ಟ. ಆ ದಿನ ಬಾಯಿಗೆ ಬರುವುದು ಇಷ್ಟು ವರ್ಷ ರೂಢಿಯಾದ ಮಾತು ಮಾತ್ರ.

ಸಿದ್ದಾಪುರದ ಕಾಡು ಕಲಿಸುವ ಪಾಠ

ಸಿದ್ದಾಪುರ ತಾಲ್ಲೂಕಿನ ಜನರಿಗೆ ಮಂಗನ ಕಾಯಿಲೆಯ ಭಯ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಮೊದಲು ಪತ್ತೆಯಾದ ಈ ರೋಗ ಮುಂದೆ ಸುತ್ತಲಿನ ಜಿಲ್ಲೆಗಳಿಗೂ ಹರಡಿತು. 2024ರಲ್ಲಿ ಸಿದ್ದಾಪುರದ ಹಲವು ಮನೆಗಳು ಇದರಿಂದ ಕಂಗೆಟ್ಟವು.

ಹೆಸರು ಮಂಗನ ಕಾಯಿಲೆಯಾದರೂ ಮನುಷ್ಯನಿಗೆ ಅದನ್ನು ತಂದು ಹಾಕುವುದು ಮಂಗವಲ್ಲ, ಉಣುಗು. ಅದರಲ್ಲೂ ಮರಿ ಉಣುಗು. ಎಳ್ಳಿನಷ್ಟೂ ದೊಡ್ಡದಿಲ್ಲ. ದರಕು ತರಲು, ಸೊಪ್ಪು ಕಡಿಯಲು, ಸೌದೆ ಆರಿಸಲು ಬೆಟ್ಟಕ್ಕೆ ಹೋದವರ ಮೈಗೆ ಸದ್ದಿಲ್ಲದೆ ಹತ್ತುತ್ತದೆ. ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೆಲವು ದಿನ ಕಳೆದು ಜ್ವರ ಸುಡತೊಡಗಿದಾಗಲೇ ತಿಳಿಯುವುದು.

ಹುಲಿಗೆ ಹೆದರಿ ಕಾಡಿನಲ್ಲಿ ಎಚ್ಚರವಾಗಿರುವ ಮನುಷ್ಯ ಉಣುಗಿಗೆ ಎಚ್ಚರವಾಗಿರುವುದಿಲ್ಲ. ಆತ್ಮದ ವಿಷಯದಲ್ಲೂ ಹೀಗೇ. "ಕೊಲೆ ಮಾಡಿಲ್ಲ, ಕಳವು ಮಾಡಿಲ್ಲ, ಯಾರ ಮನೆ ಹಾಳು ಮಾಡಿಲ್ಲ, ಮತ್ತೇನು ಪಾಪ?" ಎಂದು ಕೇಳುವವರಿದ್ದಾರೆ. ಹುಲಿಯಂಥ ಪಾಪಗಳನ್ನು ದೂರದಿಂದಲೇ ಗುರುತಿಸಿ ತಪ್ಪಿಸಿಕೊಂಡವರು ಅವರು. ಆದರೆ ಎಳ್ಳಿನಷ್ಟು ಸುಳ್ಳು, ತೂಕದಲ್ಲಿ ಐವತ್ತು ಗ್ರಾಂ ಕಡಿಮೆ, ಕೂಲಿಯವನಿಗೆ "ನಾಳೆ ಬಾ" ಎಂದ ಮಾತು, ಬೇಲಿಯನ್ನು ಒಂದು ಗೇಣು ಆಚೆ ಸರಿಸಿದ್ದು, ಮೊಬೈಲಿನಲ್ಲಿ ಯಾರೂ ಇಲ್ಲದಾಗ ನೋಡಿದ್ದು, ಅತ್ತಿಗೆಯ ಬಗ್ಗೆ ನಾಲ್ಕು ಜನರ ಮುಂದೆ ಆಡಿದ್ದು, ಇವೆಲ್ಲ ಉಣುಗಿನ ಹಾಗೆ. ಹತ್ತಿದ್ದು ಗೊತ್ತಾಗುವುದಿಲ್ಲ. ಜ್ವರ ಬಂದ ಮೇಲೆ, ಮನೆಯಲ್ಲಿ ಮಾತು ನಿಂತ ಮೇಲೆ, ಚರ್ಚಿಗೆ ಹೋಗಲು ಮನಸ್ಸೇ ಬಾರದಾದ ಮೇಲೆ, "ಇದು ಎಲ್ಲಿಂದ ಬಂತಪ್ಪ?" ಎಂದು ಹುಡುಕುವುದಾಗುತ್ತದೆ.

ಇದಕ್ಕೆ ಕಾಡಿನ ಜನ ಮಾಡುವ ಉಪಾಯ ಸರಳ. ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯನ್ನೆಲ್ಲ ನೋಡಿಕೊಳ್ಳುತ್ತಾರೆ. ಬೆನ್ನು ತನಗೆ ಕಾಣುವುದಿಲ್ಲವಲ್ಲ, ಅದನ್ನು ಮನೆಯವರು ನೋಡಿ ಹೇಳುತ್ತಾರೆ. ಆತ್ಮಕ್ಕೂ ಇದೇ ಕ್ರಮ. ಬೆಳಿಗ್ಗೆ ಹೊರಡುವ ಮುನ್ನ ಶಿಲುಬೆಯ ಗುರುತು. ರಾತ್ರಿ ಮಲಗುವ ಮುನ್ನ ಐದು ನಿಮಿಷ ಮನಸ್ಸಾಕ್ಷಿಯ ಪರೀಕ್ಷೆ. ತನಗೆ ಕಾಣದ ಬೆನ್ನಿಗಾಗಿ ಪಾಪನಿವೇದನೆ ಇದೆ, ಗುರುಗಳಿದ್ದಾರೆ. ಮುಖ ನೋಡಿ ನಿಜ ಹೇಳುವ ಹೆಂಡತಿಯೋ ಗಂಡನೋ ಮನೆಯಲ್ಲೇ ಇದ್ದಾರೆ. ಅವರು ಹೇಳಿದಾಗ ಸಿಟ್ಟು ಮಾಡದೆ ಕೇಳುವುದೇ ದೊಡ್ಡ ಎಚ್ಚರ.

ಯಲ್ಲಾಪುರದ ಘಟ್ಟ ಕಲಿಸುವ ಪಾಠ

ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರಕ್ಕೆ ಮುನ್ನ ಅರಬೈಲು ಘಟ್ಟ ಸಿಗುತ್ತದೆ. ರಾತ್ರಿಯೆಲ್ಲ ಲಾರಿಗಳ ಸಾಲು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಆ ತಿರುವುಗಳಲ್ಲಿ ಯಾವ ಡ್ರೈವರನೂ ನಿದ್ದೆ ಮಾಡುವುದಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೆ, ಬಾಯಲ್ಲಿ ದೇವರ ಹೆಸರು. ಕಣ್ಣು ಎಳೆಯುವುದು ಘಟ್ಟ ದಾಟಿದ ಮೇಲೆ. ರಸ್ತೆ ನೇರವಾಗುತ್ತದೆ, ತಂಪು ಗಾಳಿ ಬೀಸುತ್ತದೆ, "ಇನ್ನೇನು, ಊರು ಬಂತು" ಅನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ.

ವಿಶ್ವಾಸದ ಬದುಕಿನಲ್ಲೂ ಘಟ್ಟಕ್ಕಿಂತ ನೇರ ರಸ್ತೆಯೇ ಹೆಚ್ಚು ಅಪಾಯ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಕಾಡುಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಜರನ್ನು ಆಫ್ರಿಕಾದಿಂದ ಹಡಗುಗಳಲ್ಲಿ ಗುಲಾಮರನ್ನಾಗಿ ತರಲಾಗಿತ್ತು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಅನೇಕರು ಈ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅದಕ್ಕೂ ಹಿಂದಿನ ತಲೆಮಾರುಗಳು ಎಷ್ಟು ಕಷ್ಟ ಕಂಡಿರಬೇಕು! ಓದು ಇಲ್ಲ, ಭೂಮಿ ಇಲ್ಲ, ದಾರಿ ಇಲ್ಲ. ಆದರೂ ಕ್ರೈಸ್ತ ಸಿದ್ದಿ ಮನೆಗಳಲ್ಲಿ ಶಿಲುಬೆಯ ಗುರುತು ತಂದೆಯಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂತು.

ಯಾರ ಯಜಮಾನಿಕೆಯಿಂದ ಓಡಿ ಬಂದರೋ ಅವರೇ ಆ ಶಿಲುಬೆಯನ್ನು ಕೈಯಲ್ಲಿ ಹಿಡಿದವರಾಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಹಿಡಿದವರ ಪಾಪವನ್ನು ಶಿಲುಬೆಯ ಮೇಲೆ ಹೊರಿಸದೆ, ಶಿಲುಬೆಯ ಮೇಲೆ ನೊಂದವನನ್ನೇ ಅವರು ತಮ್ಮವನೆಂದು ಅಪ್ಪಿಕೊಂಡರು. ಇದಕ್ಕಿಂತ ಎಚ್ಚರದ ವಿಶ್ವಾಸ ಎಲ್ಲಿ ಸಿಕ್ಕೀತು?

ಇಂದು ರಸ್ತೆ ಬಂದಿದೆ, ಶಾಲೆ ಬಂದಿದೆ, ಮಕ್ಕಳು ಬೆಂಗಳೂರು, ಗೋವಾ, ಗಲ್ಫ್ ಎಂದು ಹೋಗಿ ದುಡಿಯುತ್ತಿದ್ದಾರೆ. ದೇವರಿಗೆ ಸ್ತೋತ್ರ. ಇದು ನೇರ ರಸ್ತೆ. ಕಣ್ಣು ಎಳೆಯುವ ರಸ್ತೆ.

ಪೇತ್ರ ಬಿದ್ದದ್ದು ಎಲ್ಲಿ?

ಬೆಟ್ಟದ ಮೇಲೆ ತೂಕಡಿಸಿದ ಅದೇ ಮೂವರನ್ನು ಪ್ರಭು ಗೆತ್ಸೆಮನೆ ತೋಪಿಗೂ ಕರೆದುಕೊಂಡು ಹೋದರು. ತಮ್ಮೊಡನೆ ಎಚ್ಚರವಾಗಿರಲು ಕೇಳಿಕೊಂಡರು. ಮೂರು ಸಲ ಬಂದು ನೋಡಿದಾಗಲೂ ಅವರು ನಿದ್ರಿಸುತ್ತಿದ್ದರು. ಒಂದು ಗಂಟೆಯಾದರೂ ಎಚ್ಚರವಾಗಿರಲು ಆಗಲಿಲ್ಲವೇ ಎಂದು ಪ್ರಭು ಪೇತ್ರನನ್ನು ನೊಂದು ಕೇಳಿದರು.

ಆಮೇಲೆ ಸೈನಿಕರು ಬಂದರು. ಪೇತ್ರ ಹೇಡಿಯಲ್ಲ. ಕತ್ತಿ ಹಿರಿದು ಒಬ್ಬನ ಕಿವಿಯನ್ನೇ ಕತ್ತರಿಸಿದ. ಅಷ್ಟು ಜನ ಸೈನಿಕರ ಎದುರು ಒಬ್ಬನೇ ನಿಲ್ಲಲು ಧೈರ್ಯವಿತ್ತು. ಅದೇ ಪೇತ್ರ ಕೆಲವೇ ಗಂಟೆಗಳಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದಾಗ ಕೆಲಸದ ಹುಡುಗಿಯೊಬ್ಬಳು ಕೇಳಿದ ಒಂದೇ ಪ್ರಶ್ನೆಗೆ ಬಿದ್ದುಬಿಟ್ಟ. ಕತ್ತಿಗೆ ಹೆದರದವನು ಮಾತಿಗೆ ಹೆದರಿದ. ಚಳಿ ಇತ್ತು, ಬೆಂಕಿ ಹಿತವಾಗಿತ್ತು, ಸುತ್ತಲಿನವರ ನಡುವೆ ಬೇರೆಯಾಗಿ ಕಾಣಲು ನಾಚಿಕೆಯಾಯಿತು.

ಎಷ್ಟು ಮಂದಿ ಕ್ರೈಸ್ತರು ಹೀಗೆ ಬೆಂಕಿ ಕಾಯಿಸಿಕೊಳ್ಳುವ ಜಾಗದಲ್ಲಿ ಬೀಳುತ್ತಾರೆ! ಯಾರೂ ಕತ್ತಿ ಹಿಡಿದು ವಿಶ್ವಾಸ ಬಿಡು ಎಂದು ಹೆದರಿಸುವುದಿಲ್ಲ. ಗೆಳೆಯರು ಗ್ಲಾಸು ಮುಂದಿಟ್ಟು "ಒಂದು ದಿನ ತಗೊಂಡ್ರೆ ಏನಾಗ್ತದೆ ಮಾರಾಯಾ?" ಎನ್ನುತ್ತಾರೆ. ಆಫೀಸಿನಲ್ಲಿ "ಎಲ್ಲರೂ ತಗೊಳ್ತಾರೆ, ನೀನೊಬ್ಬ ಯಾಕೆ ಹರಿಶ್ಚಂದ್ರ ಆಗ್ತೀಯಾ?" ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ದೇಹವೇ "ಮಳೆ ಜೋರಾಗಿದೆ, ಮುಂದಿನ ವಾರ ಹೋದರಾಯ್ತು" ಎನ್ನುತ್ತದೆ. ಇಷ್ಟೇ.

ಕೋಳಿ ಕೂಗಿದಾಗ ಪ್ರಭು ತಿರುಗಿ ನೋಡಿದರು. ಪೇತ್ರ ಹೊರಗೆ ಹೋಗಿ ಬಹಳ ಅತ್ತ. ಹೀಗೆ ಬಿದ್ದು ಎದ್ದ ಪೇತ್ರನೇ ಮುಂದೆ ತನ್ನ ಮೊದಲ ಪತ್ರದಲ್ಲಿ, ಸೈತಾನನು ಹಸಿದ ಸಿಂಹದ ಹಾಗೆ ಸುತ್ತಾಡುತ್ತಾನೆ, ಆದ್ದರಿಂದ ಎಚ್ಚರವಾಗಿರಬೇಕು ಎಂದು ಸಭೆಗೆ ಬರೆದ.

ಜಪಮಾಲೆ ಗುರುತಿಸಿದ ಮನೆಗಳು

ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ ಅವರು 1681ರಲ್ಲಿ ಕೆನರಾ ಸೀಮೆಗೆ ಬಂದರು. ಗುರುಗಳಿಲ್ಲದೆ ಸೊರಗಿದ್ದ ಇಲ್ಲಿನ ಕ್ರೈಸ್ತರ ನಡುವೆ ಕೆಲವು ವರ್ಷ ದುಡಿದರು. ಅಷ್ಟರಲ್ಲಿ ಶ್ರೀಲಂಕಾದ ಕಥೋಲಿಕರ ಕಷ್ಟ ಅವರ ಕಿವಿಗೆ ಬಿದ್ದಿತ್ತು. 1658ರಿಂದ ಅಲ್ಲಿನ ಯಾಫ್ನ ಡಚ್ಚರ ಕೈಯಲ್ಲಿತ್ತು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ.

1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಶ್ರೀಲಂಕಾ ತಲುಪಿದರು. ಯಾರು ಕಥೋಲಿಕರು, ಯಾರು ಅಲ್ಲ ಎಂದು ಕೇಳುವ ಹಾಗಿಲ್ಲ. ಅವರು ಒಂದು ಉಪಾಯ ಮಾಡಿದರು. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಬಾಗಿಲು ತೆರೆದವರ ಕಣ್ಣು ಆ ಜಪಮಾಲೆಯ ಮೇಲೆ ನಿಲ್ಲುತ್ತದೆಯೇ ಎಂದು ನೋಡಿದರು. ಸುಮಾರು ಮೂವತ್ತು ವರ್ಷ ಗುರುಗಳಿಲ್ಲ, ಬಲಿಪೂಜೆಯಿಲ್ಲ. ಆದರೂ ಅದನ್ನು ಗುರುತಿಸಿದ ಮನೆಗಳಿದ್ದವು. ಆ ಮನೆಗಳಿಂದಲೇ ಅಲ್ಲಿ ಧರ್ಮಸಭೆ ಮತ್ತೆ ಚಿಗುರಿತು. ಕ್ಯಾಂಡಿಯಲ್ಲಿ ಸೆರೆಮನೆಯನ್ನೂ ಕಂಡ ಅವರು, ಸಿಡುಬು ಹರಡಿದಾಗ ಎಲ್ಲ ಧರ್ಮದ ರೋಗಿಗಳ ಆರೈಕೆ ಮಾಡಿದರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಈಗ ಒಂದು ಪ್ರಶ್ನೆ. ಇಂದು ಅಂಥ ಭಿಕ್ಷುಕನೊಬ್ಬ ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಶಿರಸಿಯ ಒಂದು ಮನೆಯ ಅಂಗಳದಲ್ಲಿ ನಿಂತರೆ, ಬಾಗಿಲು ತೆರೆಯುವ ಮಗು ಅದನ್ನು ಗುರುತಿಸುತ್ತದೆಯೇ? ಗೋಡೆಯ ಮೊಳೆಗೆ ನೇತು ಹಾಕಿದ ಸಾಮಾನು ಎಂದು ಗುರುತಿಸುತ್ತದೆಯೇ, ಸಂಜೆ ಅಪ್ಪ ಅಮ್ಮ ಕೈಯಲ್ಲಿ ಹಿಡಿದದ್ದನ್ನು ಕಂಡು ಗುರುತಿಸುತ್ತದೆಯೇ? ಅಲ್ಲಿ ಮೂವತ್ತು ವರ್ಷ ಗುರುಗಳಿಲ್ಲದೆ ಉಳಿದ ವಿಶ್ವಾಸ, ಇಲ್ಲಿ ಚರ್ಚಿನ ಗಂಟೆ ಕೇಳುವಷ್ಟು ಹತ್ತಿರವಿರುವ ಮನೆಯಲ್ಲಿ ಒಂದೇ ತಲೆಮಾರಿಗೆ ಆರಿಹೋಗಬಹುದು.

ಮನೆಗೆ ಹೋದ ಮೇಲೆ

ಎಚ್ಚರ ಎಂದರೆ ಸದಾ ಹೆದರಿಕೊಂಡಿರುವುದಲ್ಲ. ಅಕ್ಕಪಕ್ಕದವರ ಮೇಲೆ ಸಂಶಯದ ಕಣ್ಣಿಡುವುದೂ ಅಲ್ಲ. ಬೇರೆ ಬೇರೆ ಧರ್ಮದವರು ಒಂದೇ ಪೇಟೆಯಲ್ಲಿ, ಒಂದೇ ತೋಟದಲ್ಲಿ ಒಟ್ಟಿಗೆ ದುಡಿಯುವ ನಾಡು ಇದು. ಕ್ರೈಸ್ತನ ಕಾವಲು ಇರಬೇಕಾದದ್ದು ತನ್ನ ಮನೆ ಬಾಗಿಲಿಗೆ, ತನ್ನ ನಾಲಿಗೆಗೆ, ತನ್ನ ತಕ್ಕಡಿಗೆ. ಅವನ ಮಾತು ನಂಬಬಹುದು, ಅವನ ಲೆಕ್ಕ ಸರಿ ಎಂದು ನೆರೆಯವರು ಹೇಳಿದರೆ ಅದೇ ದೊಡ್ಡ ಪ್ರಸಂಗ.

ಬೆಟ್ಟದಿಂದ ಇಳಿದು ಹೋಗುವ ಯಾತ್ರಿಕರು ದೊಡ್ಡ ಹರಕೆ ಹೊರುವ ಮೊದಲು ಈ ಸಣ್ಣ ಕಾವಲುಗಳನ್ನು ಕೈಗೊಳ್ಳಲಿ.

ಬೆಳಿಗ್ಗೆ ಮೊಬೈಲು ಮುಟ್ಟುವ ಮುನ್ನ ಶಿಲುಬೆಯ ಗುರುತು. ಆ ದಿನ ಎದುರಾಗಬಹುದಾದ ಒಂದು ಕಷ್ಟದ ಮಾತನ್ನೋ, ಒಬ್ಬ ಕಷ್ಟದ ಮನುಷ್ಯನನ್ನೋ ಹೆಸರು ಹಿಡಿದು ಪ್ರಭುವಿಗೆ ಒಪ್ಪಿಸುವುದು.

ಕೂಲಿಯವರಿಗೆ ಅವತ್ತಿನ ಕೂಲಿ ಅವತ್ತೇ. ತಡೆಹಿಡಿದ ಕೂಲಿ ದೇವರ ಕಿವಿಗೆ ಕೂಗಿ ಹೇಳುತ್ತದೆ ಎಂದು ಸಂತ ಯಕೋಬನ ಪತ್ರ ಎಚ್ಚರಿಸುತ್ತದೆ.

ಸಂಜೆ ಟಿವಿ ಹಾಕುವ ಮುನ್ನ ಮನೆಮಂದಿ ಕೂಡಿ ಜಪಮಾಲೆ. ಐದು ರಹಸ್ಯ ಆಗದಿದ್ದರೆ ಒಂದಾದರೂ ಸರಿ, ಆದರೆ ತಪ್ಪದೆ. ಊರು ಬಿಟ್ಟ ಮಕ್ಕಳ ಹೆಸರನ್ನು ಅಲ್ಲಿ ಗಟ್ಟಿಯಾಗಿ ಹೇಳಬೇಕು. ದೂರದ ಮಗ ಕುಡಿಯುವ ಗ್ಲಾಸು ಹಿಡಿದ ಹೊತ್ತಿಗೆ ತಾಯಿಯ ಜಪ ಅವನ ನೆನಪಿಗೆ ಬಂದರೆ, ಅದು ಇಲ್ಲಿ ಹೊಡೆದ ಮದ್ದು ಅಲ್ಲಿ ಕಾಯಿ ಉಳಿಸಿದ ಹಾಗೆ.

ರಾತ್ರಿ ದೀಪ ಆರಿಸುವ ಮುನ್ನ ಐದು ನಿಮಿಷ ಆತ್ಮದ ಉಣುಗು ಹುಡುಕುವುದು. ಸಿಟ್ಟು ಇಟ್ಟುಕೊಂಡು ಮಲಗದಿರುವುದು.

ಭಾನುವಾರ ಬಲಿಪೂಜೆ. ತಿಂಗಳಿಗೊಮ್ಮೆಯಾದರೂ ಪಾಪನಿವೇದನೆ.

ಇದರಲ್ಲಿ ಯಾವುದೂ ದೊಡ್ಡದಲ್ಲ. ದೊಡ್ಡದಲ್ಲದ ಕಾರಣವೇ ಜನ ಬಿಟ್ಟುಬಿಡುತ್ತಾರೆ. ಆದರೆ ಪ್ರಭು ಹೇಳಿದ ಸಾಮತಿಯಲ್ಲಿ ಯಜಮಾನ ಮೆಚ್ಚಿದ್ದು ಸ್ವಲ್ಪದರಲ್ಲಿ ನಂಬಿಗಸ್ತನಾಗಿದ್ದ ಆಳನ್ನೇ.

ಈಗಾಗಲೇ ನಿದ್ದೆ ಹೋದವರಿದ್ದರೆ? ವರ್ಷಗಳಿಂದ ಪಾಪನಿವೇದನೆ ಮಾಡದವರು, ನಾಚಿಕೆಯಿಂದ ಹಿಂದಿನ ಸಾಲಿನಲ್ಲೇ ನಿಂತು ಹೋಗುವವರು ಈ ಬೆಟ್ಟಕ್ಕೂ ಬಂದಿರುತ್ತಾರೆ. ಅವರು ಎದೆಗುಂದಬೇಕಿಲ್ಲ. ಗೆತ್ಸೆಮನೆಯಲ್ಲಿ ಮೂರು ಸಲ ನಿದ್ರಿಸಿದವರನ್ನು ಪ್ರಭು ಬಿಟ್ಟುಹೋಗಲಿಲ್ಲ. ಎಬ್ಬಿಸಿ ಜೊತೆಗೆ ಕರೆದುಕೊಂಡರು. ಉದುರಿದ ಕಾಯಿಗಾಗಿ ಅಳುತ್ತಾ ಕೂರುವ ಬದಲು ಗೊನೆಯಲ್ಲಿ ಉಳಿದದ್ದನ್ನು ಉಳಿಸಿಕೊಳ್ಳುವವನೇ ಜಾಣ. ಎಚ್ಚರವಾಗಲು ಇವತ್ತಿನ ದಿನ ಸಾಕು.

ಪ್ರಾರ್ಥನೆ

ಓ ಪ್ರಭುವೇ, ಬೆಟ್ಟದ ಮೇಲೆ ತೂಕಡಿಸಿದ ಶಿಷ್ಯರನ್ನು ಪ್ರೀತಿಯಿಂದ ಎಬ್ಬಿಸಿದವರು ನೀವು. ಈ ಬೆಟ್ಟಕ್ಕೆ ಬಂದ ಪ್ರತಿಯೊಬ್ಬ ಯಾತ್ರಿಕನ ಕಣ್ಣನ್ನೂ ತೆರೆಯಿರಿ. ತೋಟದಲ್ಲಿ ದುಡಿಯುವವರಿಗೆ, ಕಾಡಿಗೆ ಹೋಗುವವರಿಗೆ, ರಾತ್ರಿ ಘಟ್ಟ ಹತ್ತುವ ಚಾಲಕರಿಗೆ, ಊರು ಬಿಟ್ಟು ದುಡಿಯುವ ಮಕ್ಕಳಿಗೆ ಕಾವಲಾಗಿರಿ. ಸಣ್ಣದರಲ್ಲಿ ನಿಷ್ಠರಾಗಿರುವ ಮನಸ್ಸು ಕೊಡಿರಿ. ಮನೆಯ ದೀಪದಲ್ಲಿ ಎಣ್ಣೆ ಬತ್ತದಿರಲಿ. ನೀವು ಬಂದು ಬಾಗಿಲು ತಟ್ಟಿದ ರಾತ್ರಿ ಆ ಮನೆಯಲ್ಲಿ ಬೆಳಕಿರಲಿ. ಆಮೆನ್.